ಫೋಟೋ ತೆಗೆಯಲು ಬಿಡಲಿಲ್ಲ, ಅದಕ್ಕೇ ಈ ಪತ್ರ

ಪ್ರೀತಿಯ ಪುಟ್ಟೀ,

ನೀನು ಮಿಲಾನಿನ ದುವೋಮೊ ಮಾಡಿನ ಮೇಲೆ ನಿಂತು ಕಳಿಸಿದ ಫೋಟೋಗಳನ್ನು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದಾರೆ. 1386ರಲ್ಲಿ ಕಟ್ಟಲು ಶುರು ಮಾಡಿದ ಇಗರ್ಜಿ ಅಂತ ಬರೆದಿದ್ದೆಯಲ್ಲ, ಅದನ್ನು ಓದುವಾಗ ನನಗೊಂದು ಹೊಳೆಯಿತು. ನಮ್ಮ ಮಂಗಳೂರಿನ ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲ್ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನಾನು ಮೂವತ್ತು ವರ್ಷ ಹಂಪನಕಟ್ಟೆಯಲ್ಲಿ ಬಸ್ಸಿಳಿದು ಅದೇ ಗುಡ್ಡೆ ಹತ್ತಿ ಕೆಲಸಕ್ಕೆ ಹೋದವಳು, ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಶನಿವಾರ ಹೋಗಿಯೇ ಬಿಟ್ಟೆ, ದೂರದ ಊರಿಂದ ಬಂದವರ ಹಾಗೆ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ನಿನಗೆ ಕಳಿಸಲು ಏನೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊರಗಿನಿಂದ ನೋಡಿದರೆ ಅಷ್ಟೇನೂ ದೊಡ್ಡದಲ್ಲ. ಒಳಗೆ ಹೋಗಿ ತಲೆ ಎತ್ತಿದೆ ನೋಡು, ಗೋಡೆಯಲ್ಲಿ, ಮಾಡಿನಲ್ಲಿ ಎಲ್ಲ ಕಡೆ ಚಿತ್ರ. ಕಟ್ಟಡ 1880ರ ದಶಕದ್ದು, ಚಿತ್ರ ಬಂದದ್ದು ಅದಾಗಿ ಹತ್ತು ಹದಿನೈದು ವರ್ಷದ ಮೇಲೆ. ಬರೆದವರು ಅಂತೋನಿಯೊ ಮೊಸ್ಕೆನಿ ಅಂತ ಯೇಸು ಸಭೆಯ, ಅಂದರೆ ಜೆಸ್ವಿಟರ ಒಬ್ಬ ಬ್ರದರ್, ಇಟಲಿಯಿಂದ ಬಂದವರು. ಸುಮಾರು ಎರಡು ವರ್ಷದ ಕೆಲಸ.

ನಾನು ನಿಂತೇ ನೋಡುತ್ತಿದ್ದೆ. ಮೂಲೆಯ ಬೆಂಚಿನಲ್ಲಿ ಜಪಸರ ಹಿಡಿದು ಕೂತಿದ್ದ ಒಬ್ಬರು ವಯಸ್ಸಾದ ಹೆಂಗಸು ಸ್ವಲ್ಪ ಸರಿದು ಜಾಗ ಕೊಟ್ಟರು. "ಒರಗಿ ಕೂತು ನೋಡಿ, ನಿಂತರೆ ಕುತ್ತಿಗೆ ಹಿಡಿಯುತ್ತದೆ" ಅಂದರು. ಮತ್ತೆ ಅವರ ಪಾಡಿಗೆ ಮಣಿ ಎಣಿಸತೊಡಗಿದರು. ನಾವು ನೋಡಲು ಹೋಗುವ ಜಾಗ ಇನ್ನೊಬ್ಬರು ದಿನಾ ಬಂದು ದೇವರ ಹತ್ತಿರ ಮಾತಾಡುವ ಜಾಗ ಅಲ್ವಾ, ಅದು ಅವರ ಪಕ್ಕ ಕೂತಾಗ ನನಗೆ ನಿಜವಾಗಿ ತಿಳಿಯಿತು. ಆಮೇಲೆ ಒಂದು ಗಂಟೆ ಅಲ್ಲಿಂದ ಏಳಲಿಲ್ಲ.

ಮಾಡಿನಲ್ಲಿರುವುದು ಕ್ಯಾನ್ವಾಸಿನ ಮೇಲಿನ ಎಣ್ಣೆಬಣ್ಣ. ಗೋಡೆಯಲ್ಲಿರುವುದು ಫ್ರೆಸ್ಕೊ. ಸುಣ್ಣದ ಗಾರೆ ಇನ್ನೂ ಹಸಿ ಇರುವಾಗಲೇ ನೀರಿನಲ್ಲಿ ಕಲೆಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿ ಕುಡಿದು ಕಲ್ಲಾಗುತ್ತಾ ಬಂದ ಹಾಗೆ ಬಣ್ಣ ಅದರೊಳಗೇ ಕಚ್ಚಿಕೊಳ್ಳುತ್ತದೆ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಲು ಆಗುತ್ತದೋ ಅಷ್ಟೇ ಜಾಗಕ್ಕೆ ಗಾರೆ ಮೆತ್ತುವುದು, ಕೈ ತಪ್ಪಿದರೆ ಗಾರೆಯನ್ನೇ ಕೆರೆದು ತೆಗೆದು ಮತ್ತೆ ಮೆತ್ತುವುದು. ಅಜ್ಜಿಮನೆಯಲ್ಲಿ ಮರುವಾಯಿ ಚಿಪ್ಪಿನ ಸುಣ್ಣ ಬಳಿಯುತ್ತಿದ್ದದ್ದು ನನಗೆ ನೆನಪಾಯಿತು. ಬಳಿಯುವಾಗ ಬರೀ ನೀರು ಬಳಿದ ಹಾಗೆ, ಏನೂ ಕಾಣುವುದಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಗೋಡೆ ಬೆಳ್ಳಗೆ! ಈ ಊರಿನ ಮಳೆಗಾಲದ ಆಟಿ ತಿಂಗಳಲ್ಲಿ ಒಂದು ಟವೆಲ್ ಒಣಗಬೇಕಾದರೆ ಮೂರು ದಿನ ಬೇಕು. ಅಂಥಲ್ಲಿ ಆ ಮನುಷ್ಯ ಹಸಿ ಸುಣ್ಣದ ಮೇಲೆ ಮುಖ, ಕಣ್ಣು, ಬೆರಳು ಬರೆದರು. 1990ರ ದಶಕದಲ್ಲಿ ಹಳೆಯ ಕಟ್ಟಡ, ಕಲೆ ಕಾಪಾಡುವ ಇಂಟಾಕ್ ಸಂಸ್ಥೆಯವರು ಇದನ್ನೆಲ್ಲ ಸರಿಪಡಿಸಿದ್ದಾರೆ, ಪುಣ್ಯಕ್ಕೆ.

ಮಾಡಿನ ಮಧ್ಯದ ಸಾಲಿನಲ್ಲಿ ಈ ಚಾಪೆಲ್ಲಿಗೆ ಯಾರ ಹೆಸರಿದೆಯೋ ಆ ಸಂತ ಅಲೋಶಿಯಸ್ ಗೊನ್ಜಾಗರ ಕಥೆ ಇದೆ. ದೊಡ್ಡ ಮನೆತನದ ಹಿರಿಯ ಮಗ, ಆಸ್ತಿಯನ್ನೆಲ್ಲ ತಮ್ಮನಿಗೆ ಬಿಟ್ಟು ಯೇಸು ಸಭೆ ಸೇರಿದರು. ರೋಮಿನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಆರೈಕೆ ಮಾಡಿ, ತಾವೂ ಕಾಯಿಲೆ ಬಿದ್ದು 1591ರಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 23 ವರ್ಷ. ನಿನಗಿಂತ ಒಂದು ವರ್ಷ ಚಿಕ್ಕವರು.

ಮನೆಗೆ ಬಂದು ಓದುತ್ತಾ ಹೋದರೆ ಎಲ್ಲ ನಿನ್ನ ಕಡೆಗೇ ಬಂತು ಮಾರಾಯ್ತಿ. ಅಲೋಶಿಯಸ್ ಹುಟ್ಟಿದ್ದು ನೀನಿರುವ ಲೊಂಬಾರ್ಡಿಯಲ್ಲೇ. ಅವರಿಗೆ 12ನೇ ವಯಸ್ಸಿನಲ್ಲಿ ಮೊದಲ ಪರಮಪ್ರಸಾದ ಕೊಟ್ಟವರು ಆಗ ಮಿಲಾನಿನ ಆರ್ಚ್‌ಬಿಷಪ್ ಆಗಿದ್ದ ಕಾರ್ಲೊ ಬೊರೊಮಿಯೊ. ಆ ಬೊರೊಮಿಯೊ ಅವರ ದೇಹ ಇರುವುದು ನೀನು ಹತ್ತಿ ನಿಂತ ಅದೇ ದುವೋಮೊದ ನೆಲಮಾಳಿಗೆಯಲ್ಲಿ. ನೀನು ಮೇಲೆ ಹೋಗಿ ಬಂದೆ. ಇನ್ನೊಮ್ಮೆ ಹೋದಾಗ ಕೆಳಗೂ ಇಳಿದು ನೋಡು, ಸ್ವಲ್ಪ ಹೊತ್ತು ಕೂತು ಬಾ, ಗಡಿಬಿಡಿ ಮಾಡಬೇಡ.

ಮೊಸ್ಕೆನಿಯವರ ಊರು ಸ್ತೆಜ್ಜಾನೊ, ಬೆರ್ಗಾಮೊ ಪಕ್ಕದ್ದು. ಕಡಿಮೆ ರೇಟಿನ ವಿಮಾನ ಅಂತ ನೀನು ಹೋಗುತ್ತೀಯಲ್ಲ ಬೆರ್ಗಾಮೊ ವಿಮಾನ ನಿಲ್ದಾಣ, ಅದರ ಹತ್ತಿರವೇ. 1854ರಲ್ಲಿ ಅಲ್ಲಿ ಹುಟ್ಟಿದವರು ಇಲ್ಲಿಗೆ ಬಂದು ನಮ್ಮ ಗೋಡೆಗೆ ಬಣ್ಣ ಹಚ್ಚಿದರು, ಆಮೇಲೆ ತಿರುಗಿ ಊರು ಸೇರಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಓದಿ ಸುಮ್ನೆ ಕೂತುಬಿಟ್ಟೆ. ಅವರಿಗೂ ಅಮ್ಮ ಇದ್ದಿರಬೇಕಲ್ವಾ, ಕಾಗದ ಬರುವುದಕ್ಕೇ ತಿಂಗಳು ಹಿಡಿಯುತ್ತಿದ್ದ ಕಾಲ. ನಾನಾದರೆ ದಿನಾ ರಾತ್ರಿ ನಿನ್ನ ಮುಖ ನೋಡುತ್ತೇನೆ.

ಒಂದು ಭಾನುವಾರ ಬಿಡುವು ಮಾಡಿಕೊಂಡು ಸ್ತೆಜ್ಜಾನೊಗೆ ಹೋಗಿ ಬಾ. ಅಲ್ಲಿಯ ಇಗರ್ಜಿ, ಬೀದಿ, ಏನು ಕಾಣುತ್ತದೋ ಅದರದ್ದೆಲ್ಲ ಫೋಟೋ ತೆಗೆದು ಕಳಿಸು. ಅದನ್ನು ಫೋನಿನಲ್ಲಿ ಇಟ್ಟುಕೊಂಡು ಇನ್ನೊಂದು ಶನಿವಾರ ಆ ಬೆಂಚಿಗೆ ಹೋಗಿ ಕೂರಬೇಕು ಅಂತ ನನಗೆ ಆಸೆ.

ನಿನ್ನ ಅಮ್ಮ