ಊಟಕ್ಕೆ ಜೊತೆ ಇತ್ತು, ಮಾತಿಗೆ ಇರಲಿಲ್ಲ

ಮಾನ್ಯ ಸಂಪಾದಕರೇ,

ಪಿಯುಸಿ ರಿಸಲ್ಟ್ ಬಂದು ನಮ್ಮ ಉಡುಪಿ, ಮಂಗಳೂರು ಕಡೆ ಕಾಲೇಜು ಹುಡುಕಾಟ ಶುರುವಾಗಿದೆ. ಅಪ್ಪ ಅಮ್ಮಂದಿರು ಕೇಳುವುದು ಎಲ್ಲ ಕಡೆ ಒಂದೇ. ಫೀಸ್ ಎಷ್ಟು, ಹಾಸ್ಟೆಲ್ ಉಂಟಾ, ಶಿಸ್ತು ಹೇಗೆ, ಸರ್ವಿಸ್ ಬಸ್ಸು ಗೇಟಿನ ಹತ್ತಿರ ನಿಲ್ಲುತ್ತದಾ. ನಾನೂ ಇಷ್ಟೇ ಕೇಳಿ, ಧಾರ್ಮಿಕ ಸಂಸ್ಥೆಯವರು ನಡೆಸುವ ಒಂದು ಸಣ್ಣ ಕಾಲೇಜಿಗೆ ಮಗಳನ್ನು ಬಿಎಗೆ ಸೇರಿಸಿದೆ. ನಮ್ಮದೇ ಧರ್ಮದವರದ್ದು. ಯಾವ ಧರ್ಮ ಅಂತ ಬರೆಯುವುದಿಲ್ಲ, ಯಾಕಂದ್ರೆ ಈ ಮಾತು ಎಲ್ಲರ ಕಾಲೇಜಿಗೂ ಸೇರಿದ್ದು.

ಮೊದಲು ಒಳ್ಳೆಯದನ್ನು ಹೇಳಬೇಕು. ಕ್ಲಾಸಿನಲ್ಲಿ ಇದ್ದದ್ದು 26 ಮಕ್ಕಳು. ಎಲ್ಲ ಲೆಕ್ಚರರ್‌ಗಳಿಗೂ ಅವಳ ಹೆಸರು ಗೊತ್ತಿತ್ತು, ಮನೆಯ ಕಷ್ಟವೂ ಗೊತ್ತಿತ್ತು. ಒಮ್ಮೆ ಜ್ವರ ಬಂದಾಗ ವಾರ್ಡನ್ ಅಮ್ಮ ರಾತ್ರಿ ಹನ್ನೊಂದು ಗಂಟೆಗೆ ಗಂಜಿ ಮಾಡಿಕೊಟ್ಟು, ಬೆಳಿಗ್ಗೆ ತಾವೇ ಆಟೋ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಇದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಊಟಕ್ಕೆ, ಹಬ್ಬಕ್ಕೆ, ಪೇಟೆಗೆ ಹೋಗಲಿಕ್ಕೆ ಅವಳಿಗೆ ಜೊತೆ ಇತ್ತು.

ಆದರೆ ಓದಿದ್ದನ್ನು ಮಾತಾಡಲಿಕ್ಕೆ ಯಾರೂ ಇರಲಿಲ್ಲ.

ಎರಡನೇ ವರ್ಷ ಮೌಲ್ಯ ಶಿಕ್ಷಣದ ಕ್ಲಾಸಿನಲ್ಲಿ ಅವಳು ಎದ್ದು ನಿಂತು, ನಮ್ಮ ಗ್ರಂಥದಲ್ಲಿ ಹೆಣ್ಣುಮಕ್ಕಳ ಬಗ್ಗೆ ಹೀಗೆ ಯಾಕೆ ಬರೆದಿದೆ ಅಂತ ಕೇಳಿದಳು. ಯಾರೂ ಬೈಯಲಿಲ್ಲ. ಇದು ಪರೀಕ್ಷೆಗೆ ಬರುವುದಿಲ್ಲ, ಕೂತ್ಕೊ ಅಂತ ನಗುತ್ತಾ ಹೇಳಿದರಂತೆ. ಪಕ್ಕದಲ್ಲಿ ಕೂತ ಗೆಳತಿ, "ಎಂತ ಮಾರಾಯ್ತಿ, ಸುಮ್ನೆ ಕೂರ್ಲಿಕ್ಕೆ ಆಗುದಿಲ್ವಾ ನಿಂಗೆ" ಅಂದಳಂತೆ. ಸಾಯಂಕಾಲದೊಳಗೆ ಹಾಸ್ಟೆಲಿನ ಅಡಿಗೆಮನೆಯವರೆಗೂ ಸುದ್ದಿ ಹೋಗಿತ್ತು, ಅವಳಿಗೆ ಭಕ್ತಿ ಕಡಿಮೆ ಅಂತ. ದಿನಾ ಬೆಳಿಗ್ಗೆ ತಪ್ಪದೆ ಪ್ರಾರ್ಥನೆಗೆ ಹೋಗುವ ಹುಡುಗಿ ಅವಳು. ಆ ವಾರ ಮನೆಗೆ ಬಂದಾಗ ಬ್ಯಾಗ್ ಇಳಿಸುವ ಮೊದಲೇ, ಅಮ್ಮ, ನಾನು ಕೇಳಿದ್ದು ತಪ್ಪಾ ಅಂತ ಕೇಳಿದಳು.

ದೊಡ್ಡ ಕಾಲೇಜಿನಲ್ಲಿ ಇಂಥ ಹುಡುಗಿಗೆ ಬೇರೆ ಸೆಕ್ಷನ್‌ನಲ್ಲೋ, ಕ್ಯಾಂಟೀನಿನಲ್ಲೋ ತನ್ನ ಹಾಗೇ ಯೋಚಿಸುವ ನಾಲ್ಕು ಜನ ಸಿಗುತ್ತಾರೆ. ಸಣ್ಣ ಕಾಲೇಜಿನಲ್ಲಿ ಅವಳೊಬ್ಬಳೇ. ಒಂದು ಗುಂಪು ಬಿಟ್ಟರೆ ಇನ್ನೊಂದು ಗುಂಪೇ ಇಲ್ಲ. ಹಾಗಾಗಿ ಮಕ್ಕಳು ಜೊತೆ ಕಳೆದುಕೊಳ್ಳುವುದಕ್ಕಿಂತ ಬಾಯಿ ಮುಚ್ಚಿಕೊಳ್ಳುವುದೇ ವಾಸಿ ಅಂದುಕೊಳ್ಳುತ್ತಾರೆ, ನನ್ನ ಮಗಳೂ ಹಾಗೇ ಮಾಡಿದಳು, ಆರು ತಿಂಗಳು ಕ್ಲಾಸಿನಲ್ಲಿ ಒಂದು ಮಾತೂ ಆಡಲಿಲ್ಲ. ಆ ಸಲ ಮಾರ್ಕ್ಸ್ ಮಾತ್ರ ಜಾಸ್ತಿ ಬಂತು. ನಮಗೆ ಖುಷಿಯಾಗಿತ್ತು, ಅದೇ ಈಗ ಬೇಜಾರು.

ಗೊತ್ತಿದ್ದ ಒಬ್ಬ ವಕೀಲರು ಸಂವಿಧಾನದ 28(3)ನೇ ವಿಧಿ ತೋರಿಸಿದರು. ಸರಕಾರದ ಮಾನ್ಯತೆಯೋ ಅನುದಾನವೋ ಇರುವ ಕಾಲೇಜಿನಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಧರ್ಮಬೋಧೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವ ಹಾಗಿಲ್ಲ. ಮಕ್ಕಳಿಗೆ 18 ಆಗಿರದಿದ್ದರೆ ಪೋಷಕರ ಒಪ್ಪಿಗೆ ಬೇಕು. ಬೇರೆ ಧರ್ಮದ ಕಾಲೇಜಿಗೆ ಮಕ್ಕಳನ್ನು ಕಳಿಸುವ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟೊಂದು ಇವೆ, ಅವರೆಲ್ಲ ಇದನ್ನು ತಿಳಿದಿರಬೇಕು. ಆದರೆ ನನ್ನ ಮಗಳಿಗೆ ಪ್ರಾರ್ಥನೆಯಿಂದ ಹೊರಗೆ ಹೋಗಬೇಕಿರಲಿಲ್ಲ. ಒಳಗೇ ಇದ್ದು ಪ್ರಶ್ನೆ ಕೇಳಬೇಕಿತ್ತು. ಅದಕ್ಕೆ ಯಾವ ವಿಧಿ ಉಂಟು?

ಇದು ನಮ್ಮ ಊರಿಗೆ ಹೊಸದಂತೂ ಅಲ್ಲ. ಅದ್ವೈತದ ವಿದ್ವಾಂಸರಾಗಿದ್ದ ತ್ರಿವಿಕ್ರಮ ಪಂಡಿತರು ಮಧ್ವಾಚಾರ್ಯರ ಜೊತೆ ದಿನಗಟ್ಟಲೆ ವಾದ ಮಾಡಿ ಆಮೇಲೆ ಶಿಷ್ಯರಾದರು ಅಂತ ಸಂಪ್ರದಾಯದವರೇ ಅಭಿಮಾನದಿಂದ ಹೇಳುತ್ತಾರೆ. ಅಷ್ಟು ದಿನ ಎದುರು ಕೂತು ವಾದ ಮಾಡಿದವರನ್ನು ಯಾರೂ ಭಕ್ತಿ ಕಡಿಮೆ ಅನ್ನಲಿಲ್ಲ. ವಾಕ್ಯಾರ್ಥ, ಅಂದರೆ ವಿದ್ವಾಂಸರ ಶಾಸ್ತ್ರಚರ್ಚೆ, ನಡೆಯುವಾಗ ಎದುರಿನವರ ಪಕ್ಷವನ್ನು ಮೊದಲು ಸರಿಯಾಗಿ ಹೇಳಬೇಕು, ಅದೇ ಪೂರ್ವಪಕ್ಷ, ಆಮೇಲೆಯೇ ಉತ್ತರ. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ಬಾಸೆಲ್ ಮಿಶನ್ನಿನ ಪಾದ್ರಿ. 1894ರಲ್ಲಿ ಅಚ್ಚಾದ ನಿಘಂಟಿನ ಕಿಟೆಲ್ ಕೂಡ ಧರ್ಮಪ್ರಚಾರಕ್ಕೆ ಅಂತಲೇ ಬಂದವರು, ಆದರೆ ಇಲ್ಲಿಯ ಜನರ ಹತ್ತಿರ, ಇಲ್ಲಿಯ ಹಳೆಯ ಕಾವ್ಯಗಳ ಹತ್ತಿರ ಕೇಳಿ ಕೇಳಿ ಕಲಿತರು. ನಂಬಿಕೆ ಗಟ್ಟಿ ಇದ್ದವರೇ ಇವರೆಲ್ಲ, ಅಲ್ವಾ?

ಮಗಳ ಕಷ್ಟ ನೀಗಿಸಿದ್ದು ದೊಡ್ಡ ಸಂಗತಿ ಏನಲ್ಲ. ಮೂರನೇ ವರ್ಷ ಕನ್ನಡದ ಮೇಡಂ ಒಬ್ಬರು ಶುಕ್ರವಾರ ಕ್ಲಾಸು ಮುಗಿದ ಮೇಲೆ ಲೈಬ್ರರಿಯ ಮೂಲೆಯ ಮೇಜಿನಲ್ಲಿ ಕೂರಲಿಕ್ಕೆ ಶುರು ಮಾಡಿದರು. ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಕೇಳಬಹುದು, ಹಾಜರಿ ಇಲ್ಲ. ಮೊದಲು ಇವಳೊಬ್ಬಳು, ಆಮೇಲೆ ಐದು ಜನ. ಸುಮ್ನೆ ಕೂರು ಅಂದಿದ್ದ ಆ ಗೆಳತಿಯೂ ಬಂದಳು. ಅವಳಿಗೂ ಎಷ್ಟೋ ಪ್ರಶ್ನೆ ಇತ್ತಂತೆ, ಕೇಳಲಿಕ್ಕೆ ಹೆದರಿಕೆ ಅಷ್ಟೆ. ಕಾಲೇಜಿನ ಹೆಸರಿಗೆ ಇದರಿಂದ ಏನೂ ಕೊರತೆ ಆಗಲಿಲ್ಲ.

ಹಾಗಾಗಿ ಸಂಸ್ಥೆಗಳವರಲ್ಲಿ ನನ್ನದೊಂದು ಕೇಳಿಕೆ. ವಾರಕ್ಕೆ ಒಂದು ಗಂಟೆ, ಒಂದು ಮೇಜು ಇಡಿ. ಸೇರುವ ಮೊದಲು ಮಕ್ಕಳು ಒಂದು ದಿನ ನಿಮ್ಮ ಕ್ಲಾಸಿನಲ್ಲಿ ಕೂತು, ಹಾಸ್ಟೆಲಿನಲ್ಲಿ ಉಂಡು ನೋಡಲಿಕ್ಕೆ ಬಿಡಿ. ಪೋಷಕರೂ ಗೇಟಿನಿಂದಲೇ ವಾಪಸ್ ಬರಬೇಡಿ. ಅಲ್ಲಿಯ ಮಕ್ಕಳ ಹತ್ತಿರ ಮಾತಾಡಿ, ಇಲ್ಲಿ ಪ್ರಶ್ನೆ ಕೇಳಿದರೆ ಏನಾಗುತ್ತದೆ ಅಂತ ವಿಚಾರಿಸಿ.

ಈ ವರ್ಷ ನಮ್ಮ ಪಕ್ಕದ ಮನೆಯವರು ಅದೇ ಕಾಲೇಜಿನ ಅರ್ಜಿ ತಂದಿದ್ದಾರೆ. ಹೇಗುಂಟು ಅಕ್ಕ ಅಂತ ನನ್ನ ಹತ್ತಿರ ಕೇಳಿದರು. ಆ ಮೇಡಂ ನಿವೃತ್ತರಾಗಿದ್ದಾರೆ, ಶುಕ್ರವಾರದ ಮೇಜು ಈಗಲೂ ಉಂಟಾ ಅಂತ ನೋಡಿ ಬನ್ನಿ, ಆಮೇಲೆ ಅರ್ಜಿ ತುಂಬಿಸಿ ಅಂದೆ. ಸೋಮವಾರ ಹೋಗುತ್ತಾರಂತೆ.

ಒಬ್ಬ ತಾಯಿ, ಕಟಪಾಡಿ