ಪಿಯಾನೊಗೂ ಮಳೆಗಾಲ ತಟ್ಟುತ್ತದೆ

ಮಾನ್ಯ ಸಂಪಾದಕರೇ,

ಪಿಯಾನೊ ನುಡಿಸುತ್ತಾ ಹಾಡುವ ಅಮೆರಿಕದ ಗಾಯಕಿ ನೋರಾ ಜೋನ್ಸ್ ಅವರ 2024ರ ‘ವಿಷನ್ಸ್’ ಆಲ್ಬಮ್ಮಿನಂಥ ಜಾಝ್-ಪಾಪ್ ಕೇಳಿ, ಮುಂಬೈಯ ಕನ್ನಡದ ಮಕ್ಕಳೂ ಹಾಡುತ್ತಲೇ ಪಿಯಾನೊ ನುಡಿಸಬೇಕೆಂದು ಆಸೆಪಡುವುದು ಸಂತೋಷದ ಸಂಗತಿ. ಆದರೆ ಇದು ಮೆಲುದನಿಯ ಸಂಗೀತ. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಮುಚ್ಚಿಕೊಳ್ಳಲು ಅಬ್ಬರವಿಲ್ಲ.

ಪಿಯಾನೊದಲ್ಲಿ ಸುಮಾರು 230 ತಂತಿಗಳಿವೆ. ಜೂನ್ ಬಂತೆಂದರೆ ಅದರ ಸೌಂಡ್‌ಬೋರ್ಡ್, ಅಂದರೆ ನಾದದ ಮರದ ಹಲಗೆ, ತೇವ ಹೀರಿ ಉಬ್ಬಿ ತಂತಿಗಳನ್ನು ಎಳೆದು ಬಿಗಿಯುತ್ತದೆ. ಶ್ರುತಿ ಏರುತ್ತದೆ, ನಡುವಿನ ಸಪ್ತಕಗಳಲ್ಲಿ ಹೆಚ್ಚು, ಗಾಯಕಿಯ ದನಿ ಓಡಾಡುವುದೂ ಅಲ್ಲೇ. ಒಂದೇ ಸ್ವರದ ಮೂರು ತಂತಿಗಳು ಒಂದಕ್ಕೊಂದು ತಪ್ಪಿದರೆ ನಾದ ‘ವಾಂವ್ ವಾಂವ್’ ಎಂದು ತೂಗಾಡುತ್ತದೆ. ಒತ್ತಿದ ಕೀಲಿ ಮೇಲೇಳದಿದ್ದರೆ ಬಹುಮಟ್ಟಿಗೆ ಒಳಗಿನ ಫೆಲ್ಟ್, ಅಂದರೆ ಒತ್ತಿ ಮಾಡಿದ ಉಣ್ಣೆಬಟ್ಟೆ, ಉಬ್ಬಿರುತ್ತದೆ. ದಯವಿಟ್ಟು ಎಣ್ಣೆ ಬಿಡಬೇಡಿ, ಫೆಲ್ಟ್ ಹಾಳಾಗುತ್ತದೆ.

ಕೋಣೆಯ ತೇವಾಂಶ ಶೇ 45ರಿಂದ 55ರೊಳಗೆ ನಿಂತರೆ ಸಾಕು. ಪಾಠದ ಹೊತ್ತಿಗಷ್ಟೇ ಎ.ಸಿ. ಹಾಕಿ ಆರಿಸುವುದು ಇನ್ನೂ ಕೆಡುಕು, ಮರ ದಿನವೂ ಹಿಗ್ಗಿ ಕುಗ್ಗುತ್ತದೆ. ಮಳೆ ಹಿಡಿದು ಎರಡು-ಮೂರು ವಾರಗಳಾದ ಮೇಲೊಮ್ಮೆ, ಮಳೆ ನಿಂತು ಹವೆ ಒಣಗಿದ ಮೇಲೊಮ್ಮೆ ನಡುವಿನ ‘ಎ’ ಸ್ವರ 440 ಹರ್ಟ್ಸ್‌ಗೆ ನಿಲ್ಲುವಂತೆ ಶ್ರುತಿ ಮಾಡಿಸಬೇಕು.

ಇನ್ನು ಹಾಡುತ್ತಲೇ ನುಡಿಸುವವರ ಮೈಕು ಬಾಯಿಂದ ನಾಲ್ಕು ಬೆರಳು ದೂರವಿರಲಿ. ತೀರಾ ಹತ್ತಿರವಾದರೆ ಮಂದ್ರ ಉಬ್ಬಿ ಮಾತು ಮಸುಕಾಗುತ್ತದೆ.

ಮಾಟುಂಗಾದಿಂದ ಡೊಂಬಿವಲಿವರೆಗಿನ ನಮ್ಮ ಕನ್ನಡ ಸಂಘಗಳು ಇಂಥ ಕಾರ್ಯಕ್ರಮ ಇಟ್ಟುಕೊಂಡಾಗ, ವಾದ್ಯವನ್ನು ವೇದಿಕೆಗೆ ತಂದಿರಿಸಿ, ಎ.ಸಿ. ಕೆಲವು ಗಂಟೆ ಓಡಿದ ಮೇಲೆಯೇ ಶ್ರುತಿಗಾರರನ್ನು ಕರೆಸಬೇಕೆಂದು ಕೋರುತ್ತೇವೆ.

– ಪಿಯಾನೊ ಶ್ರುತಿಗಾರರು, ಮುಂಬೈ