ಶಾಯಿ ತುಂಬಿದವರಿಗೆ

ಪುಸ್ತಕ ಬಂತು. ಮೈಸೂರಿನಿಂದ ಬಸ್ಸಿಗೆ ಹಾಕಿ ಕಳಿಸಿದ ಬಂಡಲುಗಳನ್ನು ನಿನ್ನೆ ಸಂಜೆ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡೆವು. 96 ಪುಟ. ಒಳಗೆಲ್ಲ ಕಪ್ಪು ಬಿಳುಪು, ಮುಖಪುಟಕ್ಕೆ ಮಾತ್ರ ಬಣ್ಣ. 2018ರ ಆಗಸ್ಟ್ ಮಳೆಗೆ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ ಮನೆ ಬಿಟ್ಟು ಓಡಿಬಂದ ಒಬ್ಬ ಹುಡುಗಿಯ ಕಥೆ. ಇಷ್ಟು ವರ್ಷ ನಾನು ಬೇರೆಯವರ ಕಥೆಗೆ ಚಿತ್ರ ಬರೆದುಕೊಟ್ಟಿದ್ದೇ ಜಾಸ್ತಿ. ಕಥೆಯೂ ನನ್ನದು, ಚಿತ್ರವೂ ನನ್ನದು ಅನ್ನುವ ಮೊದಲ ಕಾಮಿಕ್ಸ್ ಇದು.

ಕಳೆದ ಮಳೆಗಾಲದಲ್ಲಿ ನನ್ನ ಬಲಗೈಗೆ ಏನಾಯಿತು, ಆಪರೇಷನ್ ಹೇಗಾಯಿತು ಅನ್ನುವುದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಆಸ್ಪತ್ರೆಗೆ ಊಟ ತಂದವರು, ದುಡ್ಡು ಹಾಕಿದವರು, ಸುಮ್ನೆ ಬಂದು ಪಕ್ಕದಲ್ಲಿ ಕೂತು ಹೋದವರು, ಕಾರು ಕೊಟ್ಟ ತೋಟದ ಅಣ್ಣ, ಮೈಸೂರಿನಲ್ಲಿ ರೂಮು ಬಿಟ್ಟುಕೊಟ್ಟ ಕಾಲೇಜಿನ ಗೆಳತಿಯರು, ನಿಮ್ಮೆಲ್ಲರಿಗೂ ನಾನು ಋಣಿ.

ಈಗ ಚಿಕ್ಕಮ್ಮನ ವಿಷಯ ಬರೆಯಬೇಕು. ಸ್ವಲ್ಪ ಉದ್ದವಾಗುತ್ತದೆ.

ಅವರು ನನಗೆ ರಕ್ತಸಂಬಂಧದ ಚಿಕ್ಕಮ್ಮ ಅಲ್ಲ, ಪಕ್ಕದ ಮನೆಯವರು. ಮಕ್ಕಂದೂರಿನ ಕಡೆ ತೋಟ, ಮನೆ ಎಲ್ಲ ಇತ್ತು. 2018ರಲ್ಲಿ ಗುಡ್ಡ ಜಾರಿದ ಮೇಲೆ ಪರಿಹಾರ ಕೇಂದ್ರದಲ್ಲಿದ್ದು, ಆಮೇಲೆ ನಮ್ಮ ಬೀದಿಗೆ ಬಾಡಿಗೆಗೆ ಬಂದರು. ಹೆಸರು ಇಲ್ಲಿ ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಈ ಕಥೆ ನನ್ನ ತಲೆಗೆ ಬಂದಾಗ ಮೊದಲು ಹೇಳಿದ್ದು ಅವರಿಗೆ. ಹೇಳುವಾಗ ಭಯವಿತ್ತು. ಅವರ ಬದುಕಿನ ಅತಿ ಕೆಟ್ಟ ದಿನವನ್ನು ನಾನು ಚೌಕಗಳಲ್ಲಿ ಹಿಡಿಯಲು ಹೊರಟಿದ್ದೆ ಅಲ್ವಾ. ಅವರು ಎಲ್ಲ ಕೇಳಿ, ನಾನು ಪೆನ್ಸಿಲ್ ಹಿಡಿಯುವ ಮೊದಲೇ ಒಂದು ಮಾತು ಹೇಳಿದರು: “ಮರ ಉರುಳಿ ಬಂತು ಅಂತ ಬರೀಬೇಡ. ಮರ ನಿಂತ್ಕೊಂಡೇ ಬಂತು. ಕಾಫಿ, ಸಿಲ್ವರ್ ಓಕ್, ಎಲ್ಲಾ ನಿಂತಲ್ಲೇ ನಿಂತಿತ್ತು. ನೆಲ ಮಾತ್ರ ನಡೀತಿತ್ತು.”

ಪುಸ್ತಕದ ನಡುವೆ ಎರಡು ಪುಟ ತುಂಬಿರುವ ಚಿತ್ರ ಈ ಮಾತಿನಿಂದ ಬಂದದ್ದು. ನಾನು ಎಷ್ಟು ಫೋಟೋ ನೋಡಿದ್ದರೂ ಅದು ಸಿಗುತ್ತಿರಲಿಲ್ಲ. ಫೋಟೋಗಳಲ್ಲಿ ಇರುವುದು ಎಲ್ಲ ಮುಗಿದ ಮೇಲಿನ ಕೆಂಪು ಮಣ್ಣು.

ಅವರ ಇನ್ನೊಂದು ಉಪಕಾರ ಕಾಗದದ್ದು. ಜುಲೈ ತಿಂಗಳ ಮಡಿಕೇರಿಯಲ್ಲಿ ಶಾಯಿ ಕೆಲಸ ಮಾಡುವುದು ಎಷ್ಟು ಕಷ್ಟ ಅಂತ ಇಲ್ಲಿ ಚಿತ್ರ ಬರೆಯುವವರಿಗೆಲ್ಲ ಗೊತ್ತು. ಕಾಗದ ತೇವ ಎಳೆದುಕೊಳ್ಳುತ್ತದೆ. ನಿಬ್ಬು ಇಟ್ಟ ಕೂಡಲೇ ಗೆರೆ ನಾರು ನಾರಾಗಿ ಹರಡುತ್ತದೆ. ಹಾಳೆಯ ಅಂಚಿಗೆ ಬೂಷ್ಟು ಬರುತ್ತದೆ. ಚಿಕ್ಕಮ್ಮ ತಮ್ಮ ಹಳೆಯ ತಗಡಿನ ಟ್ರಂಕು ಖಾಲಿ ಮಾಡಿ, ಅದನ್ನು ಒಲೆಯ ಹಿಂದಿನ ಗೋಡೆಗೆ ತಾಗಿಸಿ ಇಟ್ಟರು. ನನ್ನ ಹಾಳೆಗಳೆಲ್ಲ ಬಟ್ಟೆ ಸುತ್ತಿಕೊಂಡು ಅದರೊಳಗೆ ಬೆಚ್ಚಗಿದ್ದವು. ಪರಿಹಾರ ಕೇಂದ್ರದಿಂದ ಹೊರಟಾಗ ಅವರ ಬಳಿ ಇದ್ದ ಸಾಮಾನೆಲ್ಲ ಆ ಒಂದೇ ಟ್ರಂಕಿನಲ್ಲಿ ಹಿಡಿದಿತ್ತಂತೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನದ ರಾತ್ರಿ. ಕರೆಂಟ್ ಇರಲಿಲ್ಲ. ಮರ ಬಿದ್ದು ರಸ್ತೆ ಬಂದ್ ಆಗಿ ಅಮ್ಮ ಕುಶಾಲನಗರದಲ್ಲೇ ಸಿಕ್ಕಿಕೊಂಡಿದ್ದರು. ಮಾತ್ರೆ ನುಂಗಿದರೂ ನೋವು ಇಳಿಯಲಿಲ್ಲ. ಕೈಯಲ್ಲಿ ಮೊದಲಿನ ಹಿಡಿತ ಬರುತ್ತದೋ ಇಲ್ಲವೋ ಈಗಲೇ ಹೇಳಲು ಆಗುವುದಿಲ್ಲ ಅಂತ ಬೆಳಿಗ್ಗೆಯಷ್ಟೇ ಡಾಕ್ಟರು ಹೇಳಿದ್ದರು. ಚಿಕ್ಕಮ್ಮ ಎಮರ್ಜೆನ್ಸಿ ಲೈಟು ಹಿಡಿದುಕೊಂಡು ಬಂದರು. ಬಂದವರು ಹೋಗಲಿಲ್ಲ.

ಯಾವುದೋ ಹೊತ್ತಿನಲ್ಲಿ ನಾನು ಅಳುತ್ತಾ, ಟ್ರಂಕಿನಲ್ಲಿರುವುದನ್ನೆಲ್ಲ ಒಲೆಗೆ ಹಾಕಿಬಿಡಿ ಅಂದೆ. ಹಾಗೆ ಹೇಳಬೇಡ ಅಂತ ಅವರು ಅನ್ನಲಿಲ್ಲ. ಎದ್ದು ಹೋಗಿ ಟ್ರಂಕಿನಿಂದ ಒಂದು ಹಾಳೆ ತಂದು ಬೆಳಕಿಗೆ ಹಿಡಿದರು. “ಈ ಇಂಟು ಮಾರ್ಕು ಯಾಕೆ ಹಾಕಿದ್ದೀಯ?” ಅಂತ ಕೇಳಿದರು. ಪೂರ್ತಿ ಕಪ್ಪು ತುಂಬಬೇಕಾದ ಜಾಗಕ್ಕೆ ಪೆನ್ಸಿಲಿನಲ್ಲಿ ಸಣ್ಣ ಇಂಟು ಹಾಕಿಡುವುದು ಕಾಮಿಕ್ಸ್ ಬರೆಯುವವರ ರೂಢಿ. ಅದನ್ನೇ ಹೇಳಿದೆ. “ಹಾಗಾದ್ರೆ ಬ್ರಶ್ ಎಲ್ಲಿದೆ ಹೇಳು” ಅಂದರು.

ಅವರು ಅಲ್ಲಿಯವರೆಗೆ ಬ್ರಶ್ ಹಿಡಿದವರಲ್ಲ. ಹಿಡಿದದ್ದು ಕತ್ತಿ, ಮೆಣಸಿನ ಬಳ್ಳಿ ಕಟ್ಟುವ ನಾರು. ಆದರೆ ಆ ಬೆರಳುಗಳಿಗೆ ಎಲ್ಲಿ ಎಷ್ಟು ಒತ್ತಬೇಕು ಅಂತ ಗೊತ್ತಿತ್ತು. ಗೆರೆಯ ಅಂಚಿನವರೆಗೆ ಬಂದು, ಬ್ರಶ್ಶಿನ ತುದಿ ಮಾತ್ರ ತಾಗಿಸಿ, ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ನಾನು ಮಲಗಿದಲ್ಲಿಂದಲೇ “ಇನ್ನು ಸ್ವಲ್ಪ ಶಾಯಿ”, “ಅಲ್ಲಿ ಬೇಡ, ಅದು ಹಂಚು” ಅಂತ ಹೇಳುತ್ತಾ ಹೋದೆ. ಅವರ ಕೈಗೆ ಬಂದದ್ದು ಗುಡ್ಡ ಜಾರುವ ರಾತ್ರಿಯ ಪುಟಗಳು. ಅದನ್ನು ಕಣ್ಣಾರೆ ಕಂಡವರ ಕೈಯಲ್ಲೇ ಆ ಕತ್ತಲು ತುಂಬಿಕೊಳ್ಳುತ್ತಾ ಹೋಯಿತು.

ಒಂದು ಚೌಕದಲ್ಲಿ ಬ್ರಶ್ ನಿಂತಿತು. ಆ ಚೌಕದಲ್ಲಿ ಮನೆಯ ಹಿಂದಿನ ತೋಡು, ಅಂದರೆ ಸಣ್ಣ ಹಳ್ಳ ಇತ್ತು. ಆಗ ಅವರು ನನಗೆ ಅದುವರೆಗೆ ಹೇಳದೇ ಇದ್ದದ್ದನ್ನು ಹೇಳಿದರು. ಆ ದಿನ ಮೊದಲು ತೋಡಿನ ನೀರು ಕೆಂಪಾಯಿತಂತೆ. ಆಮೇಲೆ ನಿಂತೇ ಹೋಯಿತಂತೆ. ಮೇಲೆ ಮಳೆ ಸುರಿಯುತ್ತಿದೆ, ತೋಡಿನಲ್ಲಿ ನೀರಿಲ್ಲ. ಇದೇನು ಅಂತ ಚಿಕ್ಕಪ್ಪ ನೋಡಲು ಹೊರಟಾಗ, ಇವರು ಅವರ ಅಂಗಿ ಹಿಡಿದು ಎಳೆದುಕೊಂಡು ಮೇಲಿನ ರಸ್ತೆಗೆ ಓಡಿದರಂತೆ. ಮೇಲೆಲ್ಲೋ ಮಣ್ಣು ಜರಿದು ನೀರಿಗೆ ಅಡ್ಡ ಕೂತಿತ್ತು. ಅದು ಒಡೆದು ಬಂದಾಗ ಅವರು ಮನೆಯಲ್ಲಿರಲಿಲ್ಲ.

ಪುಸ್ತಕದಲ್ಲಿ ಮಾತೇ ಇಲ್ಲದ ಒಂದು ಪುಟ ಇದೆ. ಜೋರು ಮಳೆ, ಒಣಗಿದ ತೋಡು, ಕಲ್ಲುಗಳ ನಡುವೆ ಒಂದು ಏಡಿ. ಆ ಪುಟ ಹುಟ್ಟಿದ್ದು ಆ ರಾತ್ರಿ. ಕೈ ಸರಿಯಾದ ಮೇಲೆ ನಾನು ಬರೆದ ಮೊದಲ ಪುಟವೂ ಅದೇ.

ಬೆಳಗಾಗುವ ಹೊತ್ತಿಗೆ ನಾನು ನಿದ್ದೆ ಹೋಗಿದ್ದೆ. ಎದ್ದಾಗ ಹಾಳೆಗಳು ಟ್ರಂಕಿನ ಮುಚ್ಚಳದ ಮೇಲೆ ಒಣಗುತ್ತಿದ್ದವು. ಚಿಕ್ಕಮ್ಮನ ಉಗುರುಗಳ ಸಂದಿಯಲ್ಲೆಲ್ಲ ಕಪ್ಪು.

ಆ ರಾತ್ರಿ ನನಗಾದ ಭಯ ನೋವಿನದ್ದಲ್ಲ. ಚಿತ್ರ ಬರೆಯಲಾಗದಿದ್ದರೆ ನಾನು ಯಾರು ಅನ್ನುವ ಭಯ. ಚಿಕ್ಕಂದಿನಿಂದ ನನ್ನನ್ನು ಎಲ್ಲರೂ ಕರೆದದ್ದು ಚಿತ್ರ ಬರೆಯುವ ಹುಡುಗಿ ಅಂತ. ಅದು ಹೋದರೆ ಉಳಿಯುವುದು ಏನು ಅಂತ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ. ಮನೆ, ತೋಟ, ಕಾಲ ಕೆಳಗಿನ ನೆಲ ಕೂಡ ಕಳೆದುಕೊಂಡವರ ಎದುರು ನಾನು ಇದನ್ನೆಲ್ಲ ಹೇಳಿಕೊಂಡು ಅತ್ತೆ. ಅವರು ನನ್ನ ದುಃಖವನ್ನು ತಮ್ಮದರ ಪಕ್ಕ ಇಟ್ಟು ಅಳೆಯಲಿಲ್ಲ. ಅದಕ್ಕೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ತಿಳಿಯದು.

ಆಮೇಲೆ ಬಂದದ್ದು ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ 3. ಚಿಕ್ಕಮ್ಮ ಕೊಡಗಿನಲ್ಲಿ ಆ ದಿನ ತಿನ್ನುವ ಮದ್ದು ಸೊಪ್ಪು ಕುದಿಸಿ, ಆ ರಸದಲ್ಲಿ ಪಾಯಸ ಮಾಡಿ ತಂದರು. ನಾನು ಎಡಗೈಯಲ್ಲಿ ತಿಂದೆ. ಮದ್ದು ಸೊಪ್ಪಿನ ಬಣ್ಣ ನೋಡಿದವರಿಗೆ ಗೊತ್ತು, ಅಷ್ಟು ಗಾಢ ನೇರಳೆ ಬೇರೆ ಯಾವ ಅಡುಗೆಯಲ್ಲೂ ಇಲ್ಲ. ಬಟ್ಟಲಿನ ಅಂಚಿನಲ್ಲಿ ತೆಳುವಾಗಿ ಗುಲಾಬಿ, ನಡುವೆ ಹೆಚ್ಚುಕಡಿಮೆ ಕಪ್ಪು. ನಮ್ಮ ಮುಖಪುಟದ ಆಕಾಶ ಆ ಬಟ್ಟಲಿನಿಂದ ಬಂದದ್ದು. ಸ್ಕ್ರೀನಿನಲ್ಲಿ ಹೊಳೆಯುವ ನೇರಳೆ ಅಚ್ಚಿನಲ್ಲಿ ಮಂಕಾಗುತ್ತದೆ. ಅದು ಸರಿ ಬರುವವರೆಗೆ ಮತ್ತೆ ಮತ್ತೆ ಪ್ರೂಫ್ ತೆಗೆದುಕೊಟ್ಟ ಪ್ರೆಸ್ಸಿನ ಅಣ್ಣನಿಗೆ ದೊಡ್ಡ ನಮಸ್ಕಾರ. ಗೆರೆಯ ಅಂಚು ಒಡೆಯಬಾರದು ಅಂತ ಎಲ್ಲ ಪುಟಗಳನ್ನೂ 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆ) ಸ್ಕ್ಯಾನ್ ಮಾಡಿಸಿದ್ದೂ ಅವರೇ.

ಫಿಸಿಯೋ ಮಾಡಿದ ಅಕ್ಕ ನನ್ನ ಬ್ರಶ್ಶಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಟ್ಟರು. ಮಣಿಕಟ್ಟು ಬಿಟ್ಟು ಭುಜದಿಂದ ಗೆರೆ ಎಳೆಯುವುದನ್ನು ಕಲಿಸಿದರು. ಪುಸ್ತಕದ ಮೊದಲರ್ಧದಲ್ಲಿ ಸಣ್ಣ ನಿಬ್ಬಿನ ಗೆರೆ, ಕೊನೆಯರ್ಧದಲ್ಲಿ ದಪ್ಪ ಬ್ರಶ್ಶಿನ ಗೆರೆ ಇರುವುದು ಅದಕ್ಕೇ. ಹಳೆಯ ಪುಟಗಳನ್ನು ಮತ್ತೆ ಬರೆದು ಒಂದೇ ಥರ ಮಾಡು ಅಂತ ಕೆಲವರು ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಕಥೆಯ ಹುಡುಗಿಯೂ ನಡುವೆ ಬದಲಾಗುತ್ತಾಳೆ, ಗೆರೆಯೂ ಬದಲಾಗಲಿ.

ಅಕ್ಷರ ಬರೆದ ಗೆಳೆಯನಿಗೂ ಒಂದು ಮಾತು. ಕನ್ನಡದಲ್ಲಿ ಮಾತಿನ ಗುಳ್ಳೆ ತುಂಬುವುದು ಸುಲಭವಲ್ಲ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಎರಡು ಸಾಲಿನ ನಡುವೆ ಜಾಗ ಬಿಟ್ಟರೆ ಗುಳ್ಳೆ ದೊಡ್ಡದಾಗಿ ಚಿತ್ರವನ್ನು ನುಂಗುತ್ತದೆ. ಅವನು ಪ್ರತಿ ಗುಳ್ಳೆಯನ್ನೂ ಕೈಯಲ್ಲೇ ಬರೆದ. ಎಲ್ಲಿ ಮಾತು ಉದ್ದವಾಯಿತೋ ಅಲ್ಲಿ ನನ್ನ ಜೊತೆ ಜಗಳ ಆಡಿ ಮಾತನ್ನೇ ಕಡಿಮೆ ಮಾಡಿಸಿದ. ಅದರಿಂದ ಕಥೆಗೆ ಒಳ್ಳೆಯದೇ ಆಯಿತು.

ಕಾಮಿಕ್ಸಿನಲ್ಲಿ ಕಥೆ, ಪೆನ್ಸಿಲ್, ಶಾಯಿ, ಅಕ್ಷರ ಅಂತ ಒಬ್ಬೊಬ್ಬರ ಕೆಲಸಕ್ಕೂ ಬೇರೆ ಬೇರೆ ಹೆಸರು ಹಾಕುವ ಪದ್ಧತಿ ಇದೆ. ನಮ್ಮ ಪುಸ್ತಕದ ಒಳಪುಟದಲ್ಲಿ ಶಾಯಿ ಅನ್ನುವ ಕಡೆ ಎರಡು ಹೆಸರಿವೆ. ಮೊದಲನೆಯದು ಚಿಕ್ಕಮ್ಮನದು. “ಏನೋ ಒಂದು ರಾತ್ರಿ ಬಣ್ಣ ಬಳಿದದ್ದಕ್ಕೆ ಹೆಸರು ಯಾಕೆ?” ಅಂತ ಅವರು ತುಂಬ ತಕರಾರು ಮಾಡಿದರು. ನಾನು ಬಿಡಲಿಲ್ಲ. ಆ ಪುಟಗಳ ಕತ್ತಲು ಅವರದೇ.

ಶಾಲೆ ತೆರೆದ ಮೇಲೆ, ಆ ವರ್ಷ ಗುಡ್ಡ ಜಾರಿದ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಕಡೆಯ ಮಕ್ಕಳಿಗೆ ನಾವೇ ಪುಸ್ತಕ ತಂದು ಕೊಡುತ್ತೇವೆ. ಅಲ್ಲಿಯ ಮೇಷ್ಟ್ರು, ಟೀಚರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಒಂದು ಮೆಸೇಜ್ ಹಾಕಿ. ಮಳೆ ಜೋರಾಗುವ ಮೊದಲೇ ಬರುವ ಯೋಚನೆ ಇದೆ. ಚಿಕ್ಕಮ್ಮನೂ ಜೊತೆಗೆ ಬರುತ್ತಾರೆ. ತಾನು ಮಾತಾಡುವುದಿಲ್ಲ ಅಂತ ಈಗಲೇ ಹೇಳಿಟ್ಟಿದ್ದಾರೆ. ಮಕ್ಕಳು ತೋಡಿನ ಪುಟ ತೆಗೆದು ಕೇಳಿದರೆ ಮಾತಾಡುತ್ತಾರೆ ಅಂತ ನನಗೆ ಅನಿಸುತ್ತದೆ.